ಚೀಟಿಯ ಹಿಂಬದಿ

ರಾತ್ರಿ ಪಾಳಿ. ವೇಬ್ರಿಡ್ಜಿನ ಗಾಜಿನ ಗೂಡಿನಲ್ಲಿ ನಾನು,
ಹೊರಗೆ ಮಂಡ್ಯದ ಮಂಜಿನೊಳಗೆ ಕರಗುವ ಕಬ್ಬಿನ ಗಾಡಿಗಳ ಸಾಲು.
ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆದು
ಉಳಿದದ್ದನ್ನು ಅಚ್ಚು ಹಾಕಿ ಕೊಡುವುದು ನನ್ನ ಕೆಲಸ.
ಶಾಯಿ ಹರಡಿ ಹಾಳಾದ ಚೀಟಿಗಳ ಬಿಳಿ ಬೆನ್ನ ಮೇಲೆ
ಮೂರು ಹಂಗಾಮಿನಿಂದ
ಒಂದು ದೇಶ ಕಟ್ಟುತ್ತಿದ್ದೇನೆ.

ಹೆಸರು ನೆಳಲಾಡಿ. ಅಲ್ಲಿ ಕಂದಾಯ ಕಟ್ಟುವುದು ನೆರಳಿನಲ್ಲಿ.
ಸುಗ್ಗಿ ಮುಗಿದ ಮೇಲೆ ಜನ ತಂತಮ್ಮ ನೆರಳು ಸುಲಿದು
ಸೀರೆಯ ಹಾಗೆ ನಾಲ್ಕು ಮಡಿಕೆ ಮಾಡಿ ತಕ್ಕಡಿಗಿಡುತ್ತಾರೆ.
ಮಕ್ಕಳಿಗೆ ಮಾಫಿ. ಬಸುರಿಯದು ಒಂದೋ ಎರಡೋ ಎಂಬ ವ್ಯಾಜ್ಯ
ಏಳನೆಯ ಚೀಟಿಯಿಂದ ಇನ್ನೂ ನಡೆಯುತ್ತಿದೆ.

ಮೊದಮೊದಲು ಸಲೀಸು ಅನಿಸಿತ್ತು.
ಚೆಂದಕ್ಕೆಂದು ಎರಡು ಚಂದ್ರರನ್ನು ತೂಗುಹಾಕಿದೆ;
ಆಮೇಲೆ ಮೂರು ಹಗಲು ನಿದ್ದೆಯಿಲ್ಲ.
ಒಬ್ಬ ಸವೆದ ದಿನ ಇನ್ನೊಬ್ಬ ತುಂಬಿದ್ದರೆ
ಅಮಾವಾಸ್ಯೆ ಯಾವತ್ತು? ಎಡೆ ಇಡುವುದು ಯಾವತ್ತು?
ಸತ್ತವರು ತಿಥಿ ತಪ್ಪಿ ಪಕ್ಕದ ಮನೆ ಹೊಕ್ಕು
ಯಾರದೋ ಪಾಲು ಉಂಡು ಹೋದರೆ?
ಒಬ್ಬನನ್ನು ಅಳಿಸಿದೆ. ರಬ್ಬರಿನ ಕಲೆ ಹಾಗೇ ಉಳಿದಿದೆ,
ಅಲ್ಲಿಯವರು ಅದನ್ನು ಮೋಡ ಅನ್ನುತ್ತಾರೆ.

ಉಪ್ಪು ಎಲ್ಲಿಂದ? ಕತ್ತೆಗೆ ರೆಕ್ಕೆ ಬಂದರೆ
ಸುಂಕದ ಕಟ್ಟೆಯವನ ಗತಿಯೇನು?
ಮಾಯೆ ಮಾಡುವುದು ಕಷ್ಟವಲ್ಲ,
ಮಾರನೆಯ ದಿನ ಮಾಯೆಗೆ ಮುದ್ದೆ ಹಾಕುವುದು ಕಷ್ಟ.

ಒಂದು ಜಾವದಲ್ಲಿ ವಾಚ್‌ಮನ್ ಸಣ್ಣಜವರಯ್ಯ
ಗಾಜಿಗೆ ಮೂಗು ಒತ್ತಿ ಕೇಳಿದ:
‘ಏನವ್ವಾ ಅದು, ನಾಲೆ ನಕ್ಷೆಯಾ?’
‘ಇಲ್ಲದ ಊರು, ಜವರಯ್ಯ.’
‘ಇಲ್ದೂರಾ? ಆಗ್ಲಿ. ನೀರು?’
‘ಈ ಬೆಟ್ಟದಿಂದ.’
‘ಕಡೇ ತೂಬ್ನೋರ್ಗೆ ತಲುಪ್ತದಾ?’
ನಾನು ಪೆನ್ನಿನ ಮುಚ್ಚಳ ಕಚ್ಚಿದೆ.
ಅವನು ಬೀಡಿ ಹಿಡಿದ ಬೆರಳಿನಿಂದ
ಮಂಜು ಕೂತ ಗಾಜಿನ ಮೇಲೆ ಒಂದು ಗೆರೆ ಎಳೆದ:
‘ಒಸಿ ಎಡುಕ್ ತಿರುಗ್ಸು. ಇಲ್ದಿದ್ರೆ ಒಡ್ದಾಟ ಆಯ್ತದೆ.’

ಆ ತಿರುವಿನಲ್ಲಿ ಹುಟ್ಟಿದಳು ನಸುಗೆಂಪಿ.
ಕಡೆಯ ತೂಬು ಕಾಯುವವಳು, ನೆರಳೇ ಇಲ್ಲದವಳು,
ತಕ್ಕಡಿಯ ಮುಂದೆ ಬರಿಗೈ.

ಅವಳನ್ನು ಕಳೆದುಹೋದ ರಾಜಕುಮಾರಿ ಮಾಡಲು ನೋಡಿದೆ.
ಕತ್ತಿ ಕೊಟ್ಟೆ, ಅದರಲ್ಲಿ ದಂಟಿನ ಸೊಪ್ಪು ಹೆಚ್ಚಿದಳು.
ಬೆನ್ನಿಗೆ ಶಾಪ ಕಟ್ಟಿದೆ,
ಮಲಗುವ ಮುಂಚೆ ಬಿಚ್ಚಿ ಗೂಟಕ್ಕೆ ನೇತುಹಾಕಿದಳು.
ಸಿಟ್ಟು ಬಂದು ನಲವತ್ತನೆಯ ಚೀಟಿಯಲ್ಲಿ ಕೊಂದೇಬಿಟ್ಟೆ.
ಅಲ್ಲಿ ಸಾವು ನೆರಳಿನ ಜಾಡು ಹಿಡಿದು ಬರುತ್ತದೆಂದು
ಎರಡನೆಯದರಲ್ಲಿ ನಾನೇ ಬರೆದಿದ್ದೆ.
ಬಂದ ಸಾವು ಏರಿ ಮೇಲೆ ಅತ್ತಿತ್ತ ಹುಡುಕಿ
ಅವಳನ್ನೇ ದಾರಿ ಕೇಳಿ ವಾಪಸಾಯಿತು.
ನಲವತ್ತೊಂದರಲ್ಲಿ ತೂಬಿನ ಕಲ್ಲಿನ ಮೇಲೆ ಕೂತು
ನೀರಿಗೆ ಕಾಲು ಇಳಿಬಿಟ್ಟಿದ್ದಳು.

ಮೊನ್ನೆ ಅವಳೇ ಕೇಳಿದಳು, ನಾನು ಬರೆಯದ ಮಾತು:
‘ಎಲ್ಲರನ್ನೂ ತೂಗುತ್ತೀಯಲ್ಲ,
ನಿನ್ನನ್ನು ಯಾರು ತೂಗಿದ್ದಾರೆ?’

ಸಾಲು ಕರಗಿ, ಮುಂದಿನ ಗಾಡಿಗೆ ಇನ್ನೂ ಹೊತ್ತಿತ್ತು.
ಚಪ್ಪಲಿ ಬಿಟ್ಟು ಕಬ್ಬಿಣದ ಹಾಸಿನ ಮೇಲೆ ನಿಂತೆ.
ಸಿಪ್ಪೆಯ ಅಂಟು, ಅಂಗಾಲಿಗೆ ಚಳಿ.
ನನ್ನ ತೂಕ ಐವತ್ತೆರಡು, ಆಸ್ಪತ್ರೆಯ ಕಾರ್ಡಿನಲ್ಲಿದೆ.
ಗೋಡೆಯ ಕೆಂಪು ಅಂಕಿ ಅರವತ್ತು ಎಂದಿತು.

ಗೊತ್ತು, ಅದು ಇಪ್ಪತ್ತಿಪ್ಪತ್ತು ಕಿಲೋ ಏರುವ ಯಂತ್ರ,
ಚಿಲ್ಲರೆ ಅದರ ಕಣ್ಣಿಗೆ ಬೀಳದು.
ಆದರೂ ಜವರಯ್ಯನನ್ನು ಕೂಗಿ
ಬಟನ್ ಒತ್ತಿಸಿ ಚೀಟಿ ಹರಿದುಕೊಂಡೆ.
ಹೆಚ್ಚಿಗೆ ಬಂದ ಎಂಟು ಕಿಲೋ ಯಾರದೆಂದು
ಮುಂಬದಿಯಲ್ಲಿ ಬರೆಯಲು ಕಾಲಮ್ಮಿಲ್ಲ.
ತಿರುಗಿಸಿದೆ.